ಮತ್ಸುದ, ಮಜ್ದಾ, ಮೇಧಾ: ಒಂದು ಕಾರು ಕಂಪನಿಯ ಹೆಸರಿನ ಜಾಡು

ಜಪಾನಿನ ಕಾರು ಕಂಪನಿಗಳಲ್ಲಿ ಮಜ್ದಾ ನಮಗೆ ಅರ್ಧ ಮಾತ್ರ ಪರಿಚಿತ. ಅದರ ಕಾರುಗಳಿಗೆ ಇಲ್ಲಿ ಶೋರೂಮೇ ಇರಲಿಲ್ಲ. ಗಲ್ಫಿನಲ್ಲೋ ಮೆಲ್ಬರ್ನಿನಲ್ಲೋ ಇರುವ ನೆಂಟರ ಮನೆಯ ಫೋಟೊದಲ್ಲಿ ಕಂಡಿದ್ದರೆ ಉಂಟು. ಆದರೆ ‘ಸ್ವರಾಜ್ ಮಜ್ದಾ’ ಗೊತ್ತಿಲ್ಲದವರು ಕಡಿಮೆ. ಪಂಜಾಬ್ ಟ್ರ್ಯಾಕ್ಟರ್ಸ್ ಕಂಪನಿಯು ಜಪಾನಿನ ಮಜ್ದಾ ಮತ್ತು ಸುಮಿತೊಮೊ ಜೊತೆ ಸೇರಿ 1983ರಲ್ಲಿ ಹುಟ್ಟುಹಾಕಿದ ಉದ್ಯಮ ಅದು. ಮಂಡಿಗೆ ತರಕಾರಿ ಹೊತ್ತ ಚಿಕ್ಕ ಲಾರಿಯಾಗಿ, ಮದುವೆ ದಿಬ್ಬಣದ ಮಿನಿಬಸ್ಸಾಗಿ ಅದು ನಮ್ಮ ರಸ್ತೆಗಳಲ್ಲೂ ಬಹುಕಾಲ ಓಡಿತು. ಅದರ ಮೈಮೇಲಿನ ‘ಸ್ವರಾಜ್’ ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಪಕ್ಕದ ‘ಮಜ್ದಾ’ ಏನು? ಈ ಟಿಪ್ಪಣಿ ಅಲ್ಲಿಂದ ಶುರುವಾಯಿತು, ಹುಡುಕುತ್ತ ಹೋದಂತೆ ಕಂಪನಿಯ ಊರಾದ ಹಿರೋಶಿಮಾದ ಚರಿತ್ರೆಯೊಳಕ್ಕೆ ಹೊಕ್ಕಿತು.

ಕಂಪನಿ ತನ್ನ ಹೆಸರಿಗೆ ಎರಡು ಮೂಲ ಹೇಳಿಕೊಳ್ಳುತ್ತದೆ. ಒಂದು, ಜರತುಷ್ಟ್ರನ ಧರ್ಮದ ಪರಮದೈವ ಅಹುರ ಮಜ್ದಾ. ಇನ್ನೊಂದು, ಕಂಪನಿಯನ್ನು ಬೆಳೆಸಿದ ಜೂಜಿರೊ ಮತ್ಸುದ ಅವರ ಮನೆತನದ ಹೆಸರು. ಜಪಾನಿಯಲ್ಲಿ ಇವೆರಡಕ್ಕೂ ಒಂದೇ ಬರಹ: ಮ-ತ್ಸು-ದ ಎಂಬ ಮೂರು ಅಕ್ಷರ. ನಡುವಿನ ಉಕಾರ ಬಾಯಲ್ಲಿ ಹೆಚ್ಚುಕಡಿಮೆ ನುಂಗಿಹೋಗುತ್ತದೆ. ಮನೆತನದ ಹೆಸರನ್ನು ಚಿತ್ರಾಕ್ಷರದಲ್ಲಿ ಬರೆದರೆ ‘ಮತ್ಸು’ ಪೈನ್ ಮರ, ‘ದ’ ಗದ್ದೆ. ಅಂದರೆ ಪಕ್ಕಾ ರೈತಾಪಿ ಹೆಸರು. ರೋಮನ್ ಲಿಪಿಯಲ್ಲಿ ಬರೆಯುವಾಗ ಮಾತ್ರ ಗದ್ದೆಯ ಹೆಸರು ದೇವರ ಹೆಸರಾಗಿಬಿಡುತ್ತದೆ.

ಆ ದೇವರ ಹೆಸರೂ ನಮಗೆ ಹೊರಗಿನದಲ್ಲ. ಅವೆಸ್ತದ ‘ಮಜ್ದಾ’ ಮತ್ತು ಸಂಸ್ಕೃತದ ‘ಮೇಧಾ’ ಒಂದೇ ಮೂಲದ ಪದಗಳೆಂಬುದು ಭಾಷಾವಿಜ್ಞಾನಿಗಳು ಒಪ್ಪಿರುವ ಮಾತು. ಇರಾನಿ ಭಾಷೆಗಳಲ್ಲಿ ‘ಅಜ್ದ’ ಇರುವೆಡೆ ಸಂಸ್ಕೃತದಲ್ಲಿ ನಡುವಿನ ವ್ಯಂಜನ ಬಿದ್ದುಹೋಗಿ, ಹಿಂದಿನ ಅಕಾರ ಏಕಾರವಾಗುತ್ತದೆ. ದಖನಿ ಮಾತಾಡುವವರ ಬಾಯಲ್ಲಿ ನಾವು ಕೇಳುವ ‘ನಜ್ದೀಕ್’ ಮತ್ತು ಸಂಸ್ಕೃತದ ‘ನೇದಿಷ್ಠ’ (ತೀರ ಹತ್ತಿರದ್ದು) ಇದೇ ನಿಯಮದ ಇನ್ನೊಂದು ಜೋಡಿ. ಹಾಗಾಗಿ ಶಾಲೆಯಲ್ಲಿ ಮೇಷ್ಟ್ರು ‘ಮೇಧಾವಿ’ ಎಂದು ಹುಡುಗನ ಬೆನ್ನು ತಟ್ಟಿದಾಗಲೂ, ಹೊರಗೆ ಮಿನಿಬಸ್ಸಿನ ಕ್ಲೀನರ್ ‘ಮಜ್ದಾ ಹೊರಡ್ತು’ ಎಂದು ಕೂಗಿದಾಗಲೂ ಕಿವಿಗೆ ಬೀಳುತ್ತಿದ್ದುದು ಒಂದೇ ಪದದ ಎರಡು ಕವಲು.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಕಂಪನಿಯ ವಿವರಣೆಯಲ್ಲಿ ಸಾಮಾನ್ಯವಾಗಿ ಬಾರದ ಮೂರನೆಯ ಮಜ್ದಾ ಒಂದಿದೆ: ವಿದ್ಯುತ್ ಬಲ್ಬು. ಅಮೆರಿಕದ ಜನರಲ್ ಎಲೆಕ್ಟ್ರಿಕ್ 1909ರಿಂದಲೇ ತನ್ನ ಟಂಗ್‌ಸ್ಟನ್ ದೀಪಗಳಿಗೆ ಬೆಳಕಿನ ದೈವವಾದ ಅಹುರ ಮಜ್ದಾನ ಹೆಸರಿಟ್ಟಿತ್ತು. ಜಪಾನಿನಲ್ಲಿ ಅದರ ಪರವಾನಗಿ ಪಡೆದು, ಇದೇ ಮೂರು ಅಕ್ಷರದ ಹೆಸರಿನಲ್ಲಿ ಬಲ್ಬು ಮಾರುತ್ತಿದ್ದುದು ಇಂದಿನ ತೊಶಿಬಾದ ಪೂರ್ವಜ ಕಂಪನಿ. ಹಾಗಾದರೆ 1931ರಲ್ಲಿ ಹಿರೋಶಿಮಾದ ಗಾಡಿಗೆ ಈ ಹೆಸರಿಟ್ಟಾಗ ಅದು ಜಪಾನೀಯರ ಕಿವಿಗೆ ಆಗಲೇ ಎರಡು ದಶಕ ಹಳೆಯದು. ಬಲ್ಬಿನಿಂದಲೇ ಹೆಸರು ಬಂತೆಂದು ನಾನು ವಾದಿಸುತ್ತಿಲ್ಲ. ಪರ್ಷಿಯಾದ ದೈವ ಹಿರೋಶಿಮಾವನ್ನು ತಲುಪಿದ ದಾರಿಯಲ್ಲಿ ದೀಪದ ಅಂಗಡಿಯೂ ಇತ್ತು ಎಂಬುದಷ್ಟೇ ನನ್ನ ಮಾತು.

ಕಂಪನಿ ಹುಟ್ಟಿದ್ದು 1920ರ ಜನವರಿಯಲ್ಲಿ, ಕಾರಿಗಲ್ಲ, ಕಾರ್ಕಿಗೆ. ಸೀಸೆಯ ಬಿರಡೆಗೆ ಬಳಸುವ ಆ ಹಗುರ ತೊಗಟೆಗೆ ಬದಲಿಯಾಗಿ ಸ್ಥಳೀಯ ಓಕ್ ಜಾತಿಯೊಂದರ ತೊಗಟೆಯನ್ನು ಸಂಸ್ಕರಿಸುತ್ತಿದ್ದ ‘ತೊಯೊ ಕಾರ್ಕ್ ಕೊಗ್ಯೊ’ ಅದು. ಮೀನುಗಾರರ ಮನೆಯಲ್ಲಿ ಹುಟ್ಟಿ, ಕಮ್ಮಾರಿಕೆ ಮತ್ತು ಯಂತ್ರದ ಕೆಲಸ ಕಲಿತಿದ್ದ ಜೂಜಿರೊ ಮತ್ಸುದ 1921ರಲ್ಲಿ ಅದರ ಅಧ್ಯಕ್ಷರಾದರು. 1925ರಲ್ಲಿ ಕಾರ್ಖಾನೆಗೆ ಬೆಂಕಿ ಬಿತ್ತು. 1927ರಲ್ಲಿ ಹೆಸರಿನಿಂದ ‘ಕಾರ್ಕ್’ ಬಿದ್ದುಹೋಗಿ ‘ತೊಯೊ ಕೊಗ್ಯೊ’ ಉಳಿಯಿತು. ಪೂರ್ವದೇಶದ ಕೈಗಾರಿಕೆ ಎಂದು ಅರ್ಥ; ಏನು ಬೇಕಾದರೂ ತಯಾರಿಸಬಹುದಾದ ಹೆಸರು.

ಅದು ತಯಾರಿಸಿದ್ದು ಮೂರು ಚಕ್ರದ ಟ್ರಕ್ಕು. 1931ರ ‘ಮಜ್ದಾ-ಗೊ’ ಮುಂದುಗಡೆ ಮೋಟಾರ್‌ಸೈಕಲ್, ಹಿಂದುಗಡೆ ಸಾಮಾನಿನ ತೊಟ್ಟಿ. 482 ಸಿಸಿ ಎಂಜಿನ್. ಆಗ ಜಪಾನಿನಲ್ಲಿ 500 ಸಿಸಿವರೆಗಿನ ಇಂಥ ಗಾಡಿ ಓಡಿಸಲು ಲೈಸೆನ್ಸ್ ಬೇಕಿರಲಿಲ್ಲವಾದ್ದರಿಂದ ಅಕ್ಕಿ ವ್ಯಾಪಾರಿ, ಮೀನಿನಂಗಡಿಯವ ಎಲ್ಲರಿಗೂ ಒಗ್ಗುವಂತಿತ್ತು. ಮಾರಾಟದ ಹೊಣೆ ಮಿತ್ಸುಬಿಶಿಯದು. ಪೆಟ್ರೋಲ್ ಟ್ಯಾಂಕಿನ ಮೇಲೆ ಮಿತ್ಸುಬಿಶಿಯ ಮೂರು ವಜ್ರದ ಗುರುತು, ಅದರ ಮೇಲೇ ಅಡ್ಡಲಾಗಿ ಮಜ್ದಾ ಎಂಬ ಅಕ್ಷರಗಳು. ಆಟೊ, ಟೆಂಪೊ ಕಂಡು ಬೆಳೆದ ನಮ್ಮಂಥವರಿಗೆ ಈ ಗಾಡಿಯ ಹಳೆಯ ಫೋಟೊ ನೋಡಿದರೆ ಪರದೇಶದ್ದು ಅನ್ನಿಸುವುದಿಲ್ಲ.

1945ರ ಆಗಸ್ಟ್ 6 ಜೂಜಿರೊ ಅವರ ಎಪ್ಪತ್ತನೆಯ ಹುಟ್ಟುಹಬ್ಬ. ಅಂದು ಬೆಳಿಗ್ಗೆ ಹಿರೋಶಿಮಾದ ಮೇಲೆ ಅಣುಬಾಂಬು ಬಿತ್ತು. ಅವರು ಬದುಕುಳಿದರು. ಕಾರ್ಖಾನೆ ಇದ್ದುದು ನಗರದ ಪೂರ್ವಕ್ಕೆ, ಸ್ಫೋಟದ ಕೇಂದ್ರದಿಂದ ಸುಮಾರು 5 ಕಿಲೋಮೀಟರ್ ದೂರದ ಫುಚುದಲ್ಲಿ. ನಡುವೆ ಹಿಜಿಯಾಮಾ ಎಂಬ ಗುಡ್ಡ ಅಡ್ಡ ನಿಂತು ಹೊಡೆತದ ಬಿರುಸು ತಗ್ಗಿಸಿತು. ಕಟ್ಟಡಗಳು ಉಳಿದವು, ಆದರೆ ಆ ಹೊತ್ತಿಗೆ ನಗರದೊಳಗಿದ್ದ ನೂರಕ್ಕೂ ಹೆಚ್ಚು ನೌಕರರು ಉಳಿಯಲಿಲ್ಲ. ನಗರದಲ್ಲಿ ಕಚೇರಿಗೆಂದು ನಿಂತ ಕಟ್ಟಡವೇ ವಿರಳವಾಗಿದ್ದಾಗ ಹಿರೋಶಿಮಾ ಪ್ರಾಂತ್ಯದ ಆಡಳಿತವೇ ಬಂದು ಈ ಕಾರ್ಖಾನೆಯಲ್ಲಿ ಮೇಜು ಹಾಕಿತು, 1946ರ ಜುಲೈವರೆಗೆ ಅಲ್ಲೇ ಇತ್ತು. 1945ರ ಡಿಸೆಂಬರಿನಲ್ಲಿ ಮೂರು ಚಕ್ರದ ಟ್ರಕ್ಕುಗಳು ಮತ್ತೆ ಹೊರಬಂದವು. ಬಾಂಬು ಬಿದ್ದು ನಾಲ್ಕೇ ತಿಂಗಳು. ಮುಂದೆ ಹಿರೋಶಿಮಾದವರು ಈ ಕಂಪನಿಯನ್ನು ಲಾಭನಷ್ಟದ ಲೆಕ್ಕದಲ್ಲಿ ಮಾತ್ರ ನೋಡದೆ ಮನೆಮಗನಂತೆ ಕಂಡದ್ದಕ್ಕೆ ಬೇರನ್ನು ಆ ನಾಲ್ಕು ತಿಂಗಳಲ್ಲಿ ಹುಡುಕಬೇಕು ಎಂಬುದು ನನ್ನ ಎಣಿಕೆ.

ಮಜ್ದಾದ ಅಭಿಮಾನಿಗಳು ಕಂಪನಿಯ ಹೆಸರೆತ್ತಿದರೆ ಸಾಕು, ಮಾತು ರೋಟರಿ ಎಂಜಿನ್ನಿಗೆ ಬರುತ್ತದೆ. ಅದು ಮಜ್ದಾದ ಆವಿಷ್ಕಾರವಲ್ಲ. ಫೆಲಿಕ್ಸ್ ವಾಂಕೆಲ್ ಎಂಬ ಜರ್ಮನ್ ಯಂತ್ರಜ್ಞನ ಕಲ್ಪನೆ. ಜರ್ಮನಿಯ ಎನ್‌ಎಸ್‌ಯು ಕಂಪನಿ ಅದನ್ನು ರೂಪಕ್ಕೆ ತಂದು, 1964ರಲ್ಲಿ ಮೊದಲ ರೋಟರಿ ಕಾರನ್ನೂ ಮಾರಿತು. ಮಾಮೂಲಿ ಎಂಜಿನ್ನಿನಲ್ಲಿ ಪಿಸ್ಟನ್ ಒನಕೆಯ ಹಾಗೆ ಮೇಲೆ ಕೆಳಗೆ ಕುಟ್ಟುತ್ತದೆ. ವಾಂಕೆಲ್‌ನದು ರುಬ್ಬುಗುಂಡಿನ ಜಾತಿ. ಎರಡು ಬೀಜದ ಕಡಲೆಕಾಯಿಯನ್ನು ಉದ್ದಕ್ಕೆ ಸೀಳಿದರೆ ಕಾಣುವ, ನಡುವೆ ತುಸು ಸೊಂಟವಿರುವ ಒಂದು ಗೂಡು. ಅದರೊಳಗೆ ಬದಿಗಳು ಉಬ್ಬಿದ ತ್ರಿಕೋನವೊಂದು ಓಲಾಡುತ್ತ ತಿರುಗುತ್ತದೆ. ಜಪಾನೀಯರು ಇದಕ್ಕೆ ಅನ್ನದ ಉಂಡೆಯ ಹೋಲಿಕೆ ಕೊಡುತ್ತಾರೆ. ತ್ರಿಕೋನದ ಮೂರು ತುದಿಗಳೂ ಸದಾ ಗೋಡೆಗೆ ಒತ್ತಿಕೊಂಡೇ ಇರಬೇಕು. ಆಗ ಮೂರು ಕೋಣೆಗಳಾಗುತ್ತವೆ. ಒಂದರಲ್ಲಿ ಗಾಳಿ ಮತ್ತು ಪೆಟ್ರೋಲು ಒಳಬರುವಾಗ ಇನ್ನೊಂದರಲ್ಲಿ ಉರಿ, ಮತ್ತೊಂದರಿಂದ ಹೊಗೆ ಹೊರಗೆ. ವಾಲ್ವ್ ಇಲ್ಲ, ಕುಟ್ಟಾಟವಿಲ್ಲ. ಹಗುರ, ಚಿಕ್ಕದು, ನಯ. ಕೊರತೆಯೂ ಆ ಆಕಾರದಲ್ಲೇ ಇದೆ. ಉರಿಯುವ ಕೋಣೆ ಉದ್ದವಾಗಿ ಚಪ್ಪಟೆಯಾಗಿರುವುದರಿಂದ ಇಂಧನ ಪೂರ್ತಿ ಉರಿಯದು, ಕುಡಿತ ಜಾಸ್ತಿ.

ಇಂಥ ಎಂಜಿನ್ನಿಗೆ ಮೂರು ಚಕ್ರದ ಗಾಡಿಯ ಕಂಪನಿ ಯಾಕೆ ಕೈಹಾಕಿತು? ಯಂತ್ರದ ಮೇಲಿನ ಪ್ರೇಮವೆಂದು ಅಭಿಮಾನಿಗಳು ಹೇಳುತ್ತಾರೆ. ಕಾಲಾನುಕ್ರಮ ನೋಡಿದರೆ ಅದು ಪ್ರೇಮಕ್ಕಿಂತ ಹೆಚ್ಚಾಗಿ ಭಯ. ತೊಯೊ ಕೊಗ್ಯೊ ತನ್ನ ಮೊದಲ ಕಾರು, 356 ಸಿಸಿಯ ಪುಟಾಣಿ ಆರ್360 ಕೂಪೆಯನ್ನು ತಂದದ್ದೇ 1960ರಲ್ಲಿ. ಅದೇ ಹೊತ್ತಿಗೆ ಜಪಾನಿನ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯವು ಕಾರು ಕಂಪನಿಗಳು ಹೆಚ್ಚಾದವೆಂದೂ ಅವನ್ನು ಕೆಲವೇ ಗುಂಪುಗಳಾಗಿ ಸೇರಿಸಬೇಕೆಂದೂ ಯೋಜನೆ ಹಾಕುತ್ತಿತ್ತು. ಟೊಯೊಟಾ, ನಿಸ್ಸಾನ್‌ಗಳ ಮುಂದೆ ಹಿರೋಶಿಮಾದ ತಡವಾಗಿ ಬಂದ ಕಂಪನಿ ಯಾರದೋ ಹೊಟ್ಟೆ ಸೇರುವುದು ಖಚಿತವೆಂಬಂತಿತ್ತು. ಬೇರೆಯವರಲ್ಲಿ ಇಲ್ಲದ್ದೊಂದು ತಮ್ಮಲ್ಲಿರಬೇಕು ಎಂದು ಲೆಕ್ಕ ಹಾಕಿದವರು ಜೂಜಿರೊ ಮಗ, ಆಗಿನ ಅಧ್ಯಕ್ಷ ತ್ಸುನೆಜಿ ಮತ್ಸುದ. ಜರ್ಮನಿಗೆ ತಾವೇ ಹೋಗಿ ಬಂದರು. 1961ರಲ್ಲಿ ಒಪ್ಪಂದ ಜಾರಿಗೆ ಬಂತು.

ಕೈಗೆ ಬಂದ ಎಂಜಿನ್ ಸ್ವಲ್ಪ ಹೊತ್ತು ಓಡುವಷ್ಟರಲ್ಲಿ ಗೂಡಿನ ಒಳಗೋಡೆಯ ಮೇಲೆ ಸಾಲುಸಾಲು ಗೀರು. ಅಲ್ಲಿನ ಎಂಜಿನಿಯರರು ಅದನ್ನು ‘ದೆವ್ವದ ಉಗುರಿನ ಗುರುತು’ ಎಂದು ಕರೆದರು. 1963ರಲ್ಲಿ ಇದಕ್ಕೆಂದೇ ಹುಟ್ಟಿದ ಸಂಶೋಧನಾ ವಿಭಾಗಕ್ಕೆ ಕೆನಿಚಿ ಯಾಮಾಮೊತೊ ಮುಖ್ಯಸ್ಥ. ಕೈಕೆಳಗಿನವರು ಹೆಚ್ಚಾಗಿ ಎಳೆಯರು. ತಂಡದ ಲೆಕ್ಕ 47. ಒಡೆಯನ ಸೇಡು ತೀರಿಸಿ ಪ್ರಾಣ ಕೊಟ್ಟ 47 ರೋನಿನ್‌ಗಳ ಕಥೆ ಜಪಾನಿನಲ್ಲಿ ಮಕ್ಕಳಿಗೂ ಗೊತ್ತು, ಆ ಹೆಸರು ಇವರಿಗೂ ಅಂಟಿತು. ಗೀರಿನ ಕಾರಣ ತ್ರಿಕೋನದ ತುದಿಯ ಸೀಲು. ಗೋಡೆಗೆ ಉಜ್ಜುತ್ತ ಹೋಗುವಾಗ ಅದು ತನ್ನದೇ ಸಹಜ ಕಂಪನದಲ್ಲಿ ನಡುಗುತ್ತಿತ್ತು. ಸೀಮೆಸುಣ್ಣವನ್ನು ತಪ್ಪಾಗಿ ಹಿಡಿದರೆ ಕಪ್ಪುಹಲಗೆಯ ಮೇಲೆ ಕಿರ್ರೆಂದು ಚುಕ್ಕೆಚುಕ್ಕೆಯಾಗಿ ಕುಣಿಯುವಂತೆ. ಹಲವು ಪದಾರ್ಥಗಳನ್ನು ಪರೀಕ್ಷಿಸಿದರು. ಕುದುರೆಯ ಮೂಳೆಯನ್ನೂ ಬಿಡಲಿಲ್ಲ. ಸೀಲಿನ ತುದಿಯ ಹತ್ತಿರ ಅಡ್ಡ ಉದ್ದ ರಂಧ್ರ ಕೊರೆದು ಕಂಪನದ ಗತಿ ಬದಲಿಸಿದಾಗ ಮೊದಲ ಬಾರಿ ಗೀರು ಮಾಯವಾಯಿತು. ಮಾರಾಟದ ಕಾರಿಗೆ ಒದಗಿದ್ದು ಕಾರ್ಬನ್ನಿನ ಸೂಕ್ಷ್ಮ ರಂಧ್ರಗಳಿಗೆ ಅಲ್ಯೂಮಿನಿಯಂ ತೂರಿಸಿದ ಸೀಲು.

1967ರ ಮೇ 30ರಂದು ಕಾಸ್ಮೊ ಸ್ಪೋರ್ಟ್ ಬಂತು. ಎರಡು ರೋಟರ್, 110 ಅಶ್ವಶಕ್ತಿ, ನೆಲಕ್ಕಂಟಿದಂಥ ಬಿಳಿ ದೇಹ. 1972ರವರೆಗೆ ಕಟ್ಟಿದ್ದು ಕೇವಲ 1,176. ಬಿಡುಗಡೆಯಾದ ಮರುವರ್ಷ, 1968ರಲ್ಲಿ, ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ 84 ಗಂಟೆಗಳ ಓಟಕ್ಕೆ ಎರಡು ಕಾಸ್ಮೊ ಇಳಿದವು. ಒಂದು ಕೊನೆಯ ಹಂತದಲ್ಲಿ ಆಕ್ಸಲ್ ಕೈಕೊಟ್ಟು ನಿಂತಿತು, ಇನ್ನೊಂದು ನಾಲ್ಕನೆಯದಾಗಿ ಮುಗಿಸಿತು. ಜನ ನಂಬುವುದಕ್ಕೆ ಅಷ್ಟು ಸಾಕಾಯಿತು.

ಆ ಎಂಜಿನ್ನಿನ ಕುಡಿತ ಸಿಕ್ಕಿಬಿದ್ದದ್ದು 1973ರ ತೈಲ ಬಿಕ್ಕಟ್ಟಿನಲ್ಲಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪ್ರಕಟಿಸಿದ ಮೈಲೇಜಿನ ಅಂಕಿಗಳಲ್ಲಿ ರೋಟರಿ ಕಾರುಗಳು ತಳದಲ್ಲಿದ್ದವು, ಅಲ್ಲಿನ ಮಾರಾಟ ಕುಸಿಯಿತು. ಸುಮಿತೊಮೊ ಬ್ಯಾಂಕ್ ಬಂದು ಕೈಹಿಡಿಯಿತು. ಕಾರ್ಖಾನೆಯ ಕೆಲಸಗಾರರನ್ನೇ ಊರೂರಿನ ಮಾರಾಟ ಮಳಿಗೆಗಳಿಗೆ ಕಳಿಸಿ ಕಾರು ಮಾರಿಸಲಾಯಿತು. ಹಿರೋಶಿಮಾದಲ್ಲಿ ‘ನಮ್ಮೂರಿನ ಕಾರನ್ನೇ ಕೊಳ್ಳೋಣ’ ಎಂಬ ಚಳವಳಿ ಎದ್ದಿತು. ಬೇರೆ ಕಂಪನಿಗಳು ರೋಟರಿಯ ಆಸೆ ಬಿಟ್ಟವು. ಇವರು ಇಂಧನ ಬಳಕೆಯನ್ನು ಇಳಿಸುವ ಹೊಸ ಯೋಜನೆಗೆ ‘ಫೀನಿಕ್ಸ್’ ಎಂದು ಹೆಸರಿಟ್ಟು ಮುಂದುವರಿದರು; 1978ರಲ್ಲಿ ಆರ್‌ಎಕ್ಸ್-7 ಬಂತು, ಮೂರು ಪೀಳಿಗೆಗಳಲ್ಲಿ 8 ಲಕ್ಷಕ್ಕೂ ಹೆಚ್ಚು ತಯಾರಾದವು. ಮರುವರ್ಷ ಫೋರ್ಡ್ ಸುಮಾರು ಕಾಲು ಭಾಗ ಷೇರು ಕೊಂಡಿತು. ಭಯದಿಂದ ಹಿಡಿದದ್ದು ಹಠವಾದದ್ದು ಈ ವರ್ಷಗಳಲ್ಲಿ.

1991ರ ಜೂನ್ 23ರಂದು ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ಓಟದಲ್ಲಿ 55ನೆಯ ನಂಬರಿನ, ಕಿತ್ತಳೆ-ಹಸಿರು ಬಣ್ಣದ 787ಬಿ ಗೆದ್ದಿತು. ನಾಲ್ಕು ರೋಟರ್, 362 ಸುತ್ತು. ಆ ಓಟದಲ್ಲಿ ಜಪಾನೀ ಕಾರಿಗೆ ಮೊದಲ ಜಯ. ಎರಡನೆಯದಕ್ಕೆ 2018ರಲ್ಲಿ ಟೊಯೊಟಾ ಬರಬೇಕಾಯಿತು. ಕೊನೆಯ ಸರದಿ ಓಡಿಸಿದ ಜಾನಿ ಹರ್ಬರ್ಟ್ ಮೈಯ ನೀರೆಲ್ಲ ಬತ್ತಿ ಕುಸಿದರು. ವಿಜಯ ವೇದಿಕೆಯ ಮೇಲೆ ಜೊತೆಗಾರರಾದ ಫೋಲ್ಕರ್ ವೈಡ್ಲರ್, ಬರ್ಟ್ರಾಂಡ್ ಗಾಶೊ ಇಬ್ಬರೇ ನಿಂತರು. ಗೆದ್ದದ್ದಕ್ಕೇ ರೋಟರಿಯನ್ನು ನಿಷೇಧಿಸಿದರು ಎಂಬ ಮಾತು ಅಂದಿನಿಂದ ಚಾಲ್ತಿಯಲ್ಲಿದೆ. ಒಪ್ಪುವಂತಿಲ್ಲ. 3.5 ಲೀಟರಿನ ಪಿಸ್ಟನ್ ಎಂಜಿನ್ನುಗಳ ಹೊಸ ನಿಯಮ ಆ ಓಟಕ್ಕೂ ಮೊದಲೇ ತೀರ್ಮಾನವಾಗಿತ್ತು. ಇನ್ನೂ ಒಂದನ್ನು ಮರೆಯಬಾರದು: ತಂಡದ ಮುಖ್ಯಸ್ಥರು ನಿಯಮ ಮಾಡುವವರೊಂದಿಗೆ ಜಗ್ಗಾಡಿ ತಮ್ಮ ಕಾರಿಗೆ 830 ಕಿಲೋ ತೂಕದ ಮಿತಿ ಪಡೆದಿದ್ದರು, ಜಾಗ್ವಾರ್, ಮರ್ಸಿಡಿಸ್‌ಗಳಿಗೆ 1,000 ಕಿಲೋ. ಮುಂದಿದ್ದ ಮರ್ಸಿಡಿಸ್ ಕೊನೆಯ ಗಂಟೆಗಳಲ್ಲಿ ಕುದಿದು ನಿಂತದ್ದೂ ಒದಗಿಬಂತು. ಇಷ್ಟೆಲ್ಲ ಹೇಳಿದ ಮೇಲೂ, ಒಂದು ದಿನ ಪೂರ್ತಿ ಮುರಿಯದೆ ಓಡಿದ್ದು ಆ ಎಂಜಿನ್ನೇ.

ಹೆಚ್ಚು ಜನರನ್ನು ಗೆದ್ದ ಮಜ್ದಾದಲ್ಲಿ ರೋಟರಿ ಇಲ್ಲವೆಂಬುದು ಅಭಿಮಾನಿಗಳು ಬೇಗ ದಾಟಿಬಿಡುವ ಸಂಗತಿ. 1989ರ ಎಂಎಕ್ಸ್-5ರಲ್ಲಿ ಇರುವುದು ಮಾಮೂಲಿ ನಾಲ್ಕು ಸಿಲಿಂಡರ್, ಎರಡೇ ಸೀಟು, ಮಡಚುವ ಚಾವಣಿ. ಬ್ರಿಟಿಷರು ಕೈಬಿಟ್ಟಿದ್ದ ಅಂಥ ಹಗುರ ಕಾರನ್ನು ಮಾಡಿ ಎಂದು ಯಾಮಾಮೊತೊಗೆ 1979ರಲ್ಲಿ ಸೂಚಿಸಿದ್ದು ಬಾಬ್ ಹಾಲ್ ಎಂಬ ಅಮೆರಿಕನ್ ಪತ್ರಕರ್ತ. ಕುದುರೆಯೂ ಸವಾರನೂ ಒಂದೇ ದೇಹವಾಗಬೇಕೆಂಬ ‘ಜಿನ್‌ಬಾ ಇತ್ತೈ’ ಎಂಬ ನುಡಿಗಟ್ಟನ್ನು ಆ ಕಾರನ್ನು ರೂಪಿಸಿದ ತೊಶಿಹಿಕೊ ಹಿರಾಯ್ ಅವರ ತಂಡ ಮಂತ್ರವಾಗಿಟ್ಟುಕೊಂಡಿತು. 2016ರ ಹೊತ್ತಿಗೆ 10 ಲಕ್ಷ ಕಾರುಗಳು. ರೋಟರಿಯಾದರೋ 2012ರಲ್ಲಿ ಆರ್‌ಎಕ್ಸ್-8 ಜೊತೆ ನಿಂತು, 2023ರಲ್ಲಿ ಬೇರೆ ವೇಷದಲ್ಲಿ ಮರಳಿತು: ಎಂಎಕ್ಸ್-30ರಲ್ಲಿ 830 ಸಿಸಿಯ ಒಂಟಿ ರೋಟರ್ ಬ್ಯಾಟರಿಗೆ ಕರೆಂಟು ಮಾಡಿಕೊಡುತ್ತದೆ, ಚಕ್ರಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಒನಕೆ ಇಲ್ಲ, ರುಬ್ಬುಗುಂಡು ಈಗ ಜನರೇಟರ್.

ಹೆಸರಿಗೆ ಮರಳುತ್ತೇನೆ. 1931ರಿಂದ ಗಾಡಿಯ ಮೇಲೆ ಮಜ್ದಾ ಎಂದಿದ್ದರೂ ಕಂಪನಿಯ ಹೆಸರು ತೊಯೊ ಕೊಗ್ಯೊ ಎಂದೇ ಇತ್ತು. ಅದು ಮಜ್ದಾ ಆದದ್ದು 1984ರಲ್ಲಿ. ಜೂಜಿರೊ ಮೊಮ್ಮಗ ಕೊಹೆಯ್ ಮತ್ಸುದ ತೈಲ ಬಿಕ್ಕಟ್ಟಿನ ಬೆನ್ನಿಗೆ, 1977ರಲ್ಲೇ ಅಧ್ಯಕ್ಷಗಿರಿ ಬಿಟ್ಟಿದ್ದರು. ಅಂದರೆ ಮತ್ಸುದರು ಕುರ್ಚಿ ಬಿಟ್ಟು ಏಳು ವರ್ಷದ ಮೇಲೆ ಕಂಪನಿ ಮತ್ಸುದ ಎಂಬ ಹೆಸರು ಹೊತ್ತಿತು. ಕೊಹೆಯ್ ಕೈಯಲ್ಲಿ ಉಳಿದದ್ದು ಊರಿನ ಬೇಸ್‌ಬಾಲ್ ತಂಡ. ಅವರ ನಂತರ ಮಗ ಅದರ ಮಾಲೀಕ ಸ್ಥಾನಕ್ಕೆ ಬಂದರು. ಆ ತಂಡದ ಹೆಸರು 1968ರಿಂದಲೂ ‘ಹಿರೋಶಿಮಾ ತೊಯೊ ಕಾರ್ಪ್’. ಕಂಪನಿ ಕಳಚಿಟ್ಟ ‘ತೊಯೊ’ ಅಲ್ಲಿ, ಮತ್ಸುದರ ಮನೆಯಲ್ಲಿದೆ.