ಟೇರಾ ಎಂ.ಟಿ.ಎ.: ಕ್ಯಾಶನ್ನು ತೊರೆದ ಗಣಕಯಂತ್ರ

ಪ್ರೊಸೆಸರು ಎಷ್ಟೇ ಶೀಘ್ರಗಾಮಿಯಾಗಿದ್ದರೂ, ತನಗೆ ಬೇಕಾದ ಅಂಕಿಯು ದೂರದ ಮೆಮೊರಿಯಿಂದ ಬಂದು ಸೇರುವವರೆಗೆ ಅದು ಕೈಕಟ್ಟಿ ಕೂಡಬೇಕಾಗುವುದು; ಅನೇಕ ಪ್ರೊಸೆಸರುಗಳು ಒಂದೇ ಮೆಮೊರಿಯನ್ನು ಹಂಚಿಕೊಂಡಲ್ಲಂತೂ ಈ ವಿಳಂಬವು ಮತ್ತಷ್ಟು ಬೆಳೆಯುವುದು. ಇತರ ನಿರ್ಮಾತೃಗಳು ಪ್ರೊಸೆಸರಿನ ಮಗ್ಗುಲಲ್ಲಿಯೇ ಕ್ಯಾಶ್ ಎಂಬ ಕಿರು ಉಗ್ರಾಣವನ್ನಿರಿಸಿ ಇದನ್ನು ತಗ್ಗಿಸಲೆತ್ನಿಸಿದರೆ, ಅಮೆರಿಕದ ಬರ್ಟನ್ ಸ್ಮಿತ್ ಅವರು, 1980ರ ದಶಕದ ಆದಿಯಲ್ಲಿ ಡೆನೆಲ್‌ಕೋರ್ ಸಂಸ್ಥೆಯ ಎಚ್.ಇ.ಪಿ. ಯಂತ್ರದಲ್ಲಿ ತಾವೇ ಪ್ರಯೋಗಿಸಿದ್ದ ಉಪಾಯವನ್ನು ಪರಿಷ್ಕರಿಸಿ, ಟೇರಾ ಎಂ.ಟಿ.ಎ. ಯಂತ್ರದಲ್ಲಿ ದತ್ತಾಂಶದ ಕ್ಯಾಶನ್ನೇ ಕೈಬಿಟ್ಟರು. ಸಾಹಸವೆಂದೇ ಹೇಳಬೇಕು.

ಇದರ ಒಂದೊಂದು ಪ್ರೊಸೆಸರೂ 128 ಆದೇಶಪ್ರವಾಹಗಳನ್ನು ಏಕಕಾಲದಲ್ಲಿ ಧರಿಸಬಲ್ಲುದಾಗಿದ್ದು, ಗಡಿಯಾರದ ಪ್ರತಿ ಮಿಡಿತಕ್ಕೂ ಸಿದ್ಧವಾಗಿರುವ ಬೇರೊಂದು ಪ್ರವಾಹದಿಂದ ಆದೇಶವನ್ನೆತ್ತಿಕೊಳ್ಳುತ್ತಿದ್ದುದರಿಂದ, ಮೆಮೊರಿಯ ಉತ್ತರಕ್ಕಾಗಿ ಒಂದು ಪ್ರವಾಹವು ನೂರಕ್ಕೂ ಮಿಕ್ಕ ಮಿಡಿತಗಳ ಕಾಲ ತಡೆದು ನಿಂತರೂ ಯಂತ್ರದ ಕಾರ್ಯವು ಸ್ಥಗಿತಗೊಳ್ಳುತ್ತಿರಲಿಲ್ಲ. ಮೆಮೊರಿಯ ಪ್ರತಿಯೊಂದು ಕೋಶವೂ ತಾನು ತುಂಬಿರುವೆನೋ ಬರಿದಾಗಿರುವೆನೋ ಎಂಬುದನ್ನು ಸೂಚಿಸುವ ಒಂದು ಬಿಟ್ಟನ್ನು ಹೊಂದಿದ್ದು, ಅದರಿಂದ ಪ್ರವಾಹಗಳ ಪರಸ್ಪರ ಹೊಂದಾಣಿಕೆಯು ಸುಲಭಸಾಧ್ಯವಾಯಿತು. ಆದರೆ ಏಕಾಕಿಯಾದ ಪ್ರವಾಹಕ್ಕೆ ಇಲ್ಲಿ ಸುಖವಿರಲಿಲ್ಲ. ಅದರ ಆದೇಶಕ್ಕೆ ಸರದಿ ದೊರೆಯುತ್ತಿದ್ದುದು 21 ಮಿಡಿತಗಳಿಗೊಮ್ಮೆ ಮಾತ್ರ.

1990ರ ದಶಕದ ಅಂತ್ಯಭಾಗದಲ್ಲಿ ಈ ಯಂತ್ರವು ಸ್ಯಾನ್ ಡಿಯೇಗೋದ ಸೂಪರ್‌ಕಂಪ್ಯೂಟರ್ ಕೇಂದ್ರದಲ್ಲಿ ಸ್ಥಾಪಿತವಾಯಿತು. 2000ದಲ್ಲಿ, ಇದನ್ನು ನಿರ್ಮಿಸಿದ್ದ ಟೇರಾ ಸಂಸ್ಥೆಯು ಕ್ರೇ ರಿಸರ್ಚ್ ಎಂಬ ಸೂಪರ್‌ಕಂಪ್ಯೂಟರ್ ಸಂಸ್ಥೆಯನ್ನು ಕೊಂಡು, ಕ್ರೇ ಎಂಬ ಹೆಸರನ್ನು ತಾನೇ ತಳೆಯಿತು.