ಹಡಗಿನ ತಾಮ್ರಕವಚ

ಒಂದು ಲೋಹದ ಮೇಲೆ ಇನ್ನೊಂದನ್ನು ಹೊದಿಸಿ ಅದನ್ನು ಕಾಪಾಡುವ ವಿದ್ಯೆ ನಮ್ಮ ಜನಕ್ಕೆ ಹೊಸದಲ್ಲ. ಕಲಾಯಿಯಿಲ್ಲದ ತಾಮ್ರದ ಕೊಳದಪ್ಪಲೆಯಲ್ಲಿ ಹುಳಿಯನ್ನು ಕಾಯಿಸಬಾರದೆಂಬುದು ನಮ್ಮ ಅಜ್ಜಿಯಂದಿರಿಗೆಲ್ಲ ತಿಳಿದಿದ್ದ ರಸಾಯನ ಶಾಸ್ತ್ರ. ತವರದ ಆ ತೆಳ್ಳನೆಯ ಹೊದಿಕೆ ಕೆಲವು ತಿಂಗಳಲ್ಲಿ ಸವೆದುಹೋಗುತ್ತಿತ್ತು. ಕಲಾಯಿಯವನು ತಿದಿಯನ್ನು ಹೊತ್ತು ಮತ್ತೆ ಬೀದಿಗೆ ಬರುತ್ತಿದ್ದನು. ಇಷ್ಟು ಬೇಗ ಸವೆಯಿತಲ್ಲಾ ಎಂದು ಮನೆಯವರು ಅವನನ್ನು ಆಕ್ಷೇಪಿಸುವುದೂ ವಾಡಿಕೆಯಾಗಿತ್ತು. ಆದರೆ ಸವೆಯುವುದು ಕವಚದ ದೋಷವೇ, ಅಥವಾ ಅದರ ಧರ್ಮವೇ? ಸಣ್ಣದಾಗಿ ಕಾಣುವ ಈ ಪ್ರಶ್ನೆಯ ಮೇಲೆ ಒಂದು ಕಾಲದಲ್ಲಿ ಇಂಗ್ಲೆಂಡಿನ ನೌಕಾಬಲವೂ, ಅಲ್ಲಿನ ರಸಾಯನ ಶಾಸ್ತ್ರಜ್ಞರಲ್ಲಿ ಅಗ್ರಗಣ್ಯನಾಗಿದ್ದವನ ಕೀರ್ತಿಯೂ ನಿಂತಿದ್ದುವು. ಆ ಕಥೆಯನ್ನು ಈ ಹೊತ್ತು ವಿಚಾರಮಾಡೋಣ.

ಮರದ ಹಡಗಿಗೆ ಬಿರುಗಾಳಿಗಿಂತಲೂ ದೊಡ್ಡ ಶತ್ರು ಟೆರೀಡೋ ಎಂಬ ಮರಕೊರಕ. ಹೆಸರಿಗೆ ಹುಳುವಾದರೂ ಇದು ಕಪ್ಪೆಚಿಪ್ಪಿನ ಕುಲಕ್ಕೆ ಸೇರಿದ ಪ್ರಾಣಿ. ಇದರ ಎರಡು ಚಿಪ್ಪುಗಳು ಮೈಯನ್ನು ಮುಚ್ಚುವುದಿಲ್ಲ. ಕುಗ್ಗಿ, ಅರದ ಹಲ್ಲಿನಂತಹ ಗೆರೆಗಳುಳ್ಳವಾಗಿ, ತಲೆಯ ಕಡೆಯಲ್ಲಿ ಬೈರಿಗೆಯ ಕೆಲಸವನ್ನು ಮಾಡುತ್ತವೆ. ಉಳಿದ ಮೃದುವಾದ ಮೈಯ ರಕ್ಷಣೆಗಾಗಿ ಆ ಪ್ರಾಣಿಯು ತಾನು ಕೊರೆದ ಸುರಂಗದ ಒಳಗೋಡೆಗೆ ಸುಣ್ಣದ ಲೇಪವನ್ನು ಬಳಿದುಕೊಳ್ಳುತ್ತದೆ. ಕೊಲಂಬಸನ ನಾಲ್ಕನೆಯ ಯಾತ್ರೆಯ ಕೊನೆಯಲ್ಲಿ ಉಳಿದಿದ್ದ ಎರಡು ಹಡಗುಗಳನ್ನು ಈ ಪ್ರಾಣಿಯು ಜರಡಿಯಂತೆ ಮಾಡಿಬಿಟ್ಟಿತು. ೧೫೦೩ರಲ್ಲಿ ಅವನು ಅವನ್ನು ಜಮೈಕಾ ದ್ವೀಪದ ದಡಕ್ಕೆ ಏರಿಸಿ, ಸುಮಾರು ಒಂದು ವರ್ಷ ಅಲ್ಲಿಯೇ ಸೆರೆಯಾದವನಂತೆ ಕಾಲಕಳೆಯಬೇಕಾಯಿತು. ೧೭೩೧ರಲ್ಲಿ ಹಾಲೆಂಡಿನ ಕಡಲಕಟ್ಟೆಗಳ ಮರವೆಲ್ಲ ಒಳಗೇ ಟೊಳ್ಳಾಗಿರುವುದು ಕಂಡುಬಂದಿತು. ಸಮುದ್ರಮಟ್ಟಕ್ಕಿಂತ ತಗ್ಗಾದ ಆ ದೇಶವು ತಲ್ಲಣಿಸಿ, ಹೊರನಾಡಿನಿಂದ ಕಲ್ಲನ್ನು ತರಿಸಿ ಕಟ್ಟೆಗಳನ್ನು ಭದ್ರಪಡಿಸಬೇಕಾಯಿತು.

ಇದು ಒಳಗಿನ ಶತ್ರು. ಹೊರಗಿನ ಶತ್ರುಗಳೂ ಉಂಟು. ಸಮುದ್ರದ ಪಾಚಿ, ಸಿಂಪಿ, ಸುಣ್ಣದ ಗೂಡನ್ನು ಕಟ್ಟಿಕೊಂಡು ಬಂಡೆಗೆ ಕಚ್ಚಿಕೊಳ್ಳುವ ಬಾರ್ನಕಲ್ ಎಂಬ ಜೀವಿಗಳು, ಇವೆಲ್ಲ ಹಡಗಿನ ತಳದಲ್ಲಿ ನೆಲಸುತ್ತವೆ. ಇವು ಮರವನ್ನು ತಿನ್ನುವುದಿಲ್ಲ. ಆದರೆ ನುಣುಪಾಗಿದ್ದ ತಳವನ್ನು ಒರಟು ಮಾಡಿ ವೇಗವನ್ನು ಕುಂದಿಸುತ್ತವೆ. ಯುದ್ಧದಲ್ಲಿ ನಿಧಾನವಾದ ಹಡಗು ಓಡಲಾರದು, ಅಟ್ಟಿಹಿಡಿಯಲೂ ಆರದು.

ಆದಕಾರಣ ತಳಕ್ಕೆ ಏನನ್ನಾದರೂ ಹೊದಿಸಬೇಕೆಂಬ ಯೋಚನೆ ಬಹು ಪುರಾತನವಾದುದು. ಸೈಪ್ರಸ್ ದ್ವೀಪದ ಕೈರೀನಿಯಾ ಬಳಿ ಕಡಲಿನಿಂದ ಎತ್ತಿದ, ಇಪ್ಪತ್ತಮೂರು ಶತಮಾನಗಳಷ್ಟು ಹಳೆಯ ಗ್ರೀಕ್ ಹಡಗಿನ ತಳದಲ್ಲಿ ಸೀಸದ ತಗಡಿನ ಹೊದಿಕೆಯಿದ್ದಿತು. ನಮ್ಮ ದೇಶದ ನಾವಿಕರು ಸುಣ್ಣವನ್ನು ಎಣ್ಣೆಯಲ್ಲಿ ಅರೆದು ತಳಕ್ಕೆ ಮೆತ್ತುತ್ತಿದ್ದರು. ೧೬೭೦ರ ದಶಕದಲ್ಲಿ ಇಂಗ್ಲೆಂಡಿನ ನೌಕಾಮಂಡಲಿಯು ಕೆಲವು ಹಡಗುಗಳಿಗೆ ಸೀಸವನ್ನು ಹೊದಿಸಿ ನೋಡಿತು. ಹುಳುವಿನ ಕಾಟ ತಪ್ಪಿತಾದರೂ ಚುಕ್ಕಾಣಿಯ ಕಬ್ಬಿಣಗಳು ವಿಪರೀತವಾಗಿ ತುಕ್ಕು ಹಿಡಿದುವು. ಕಾರಣ ಯಾರಿಗೂ ತಿಳಿಯಲಿಲ್ಲ, ಪ್ರಯೋಗ ನಿಂತುಹೋಯಿತು.

೧೭೬೧ರಲ್ಲಿ ಅಲಾರಂ ಎಂಬ ಮೂವತ್ತೆರಡು ಫಿರಂಗಿಗಳ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡನ್ನು ಹೊಡೆದು ವೆಸ್ಟ್ ಇಂಡೀಸಿನ ಬೆಚ್ಚನೆಯ ಕಡಲಿಗೆ ಕಳುಹಿಸಿದರು. ೧೭೬೩ರಲ್ಲಿ ಅದನ್ನು ಪರೀಕ್ಷಿಸಿದವರಿಗೆ ಸಂತೋಷವೂ ಗಾಬರಿಯೂ ಏಕಕಾಲದಲ್ಲಿ ಉಂಟಾದುವು. ತಾಮ್ರವಿದ್ದ ಕಡೆ ಮರದಲ್ಲಿ ಹುಳುವಿನ ಗುರುತಿಲ್ಲ, ತಳದಲ್ಲಿ ಪಾಚಿಯಿಲ್ಲ. ಆದರೆ ತಾಮ್ರವನ್ನು ಹಿಡಿದಿದ್ದ ಕಬ್ಬಿಣದ ಮೊಳೆಗಳು ಅನೇಕ ಕಡೆ ಕರಗಿಹೋಗಿದ್ದುವು. ಕೆಲವು ಮೊಳೆಗಳು ಮಾತ್ರ ಚೆನ್ನಾಗಿದ್ದುವು. ಕಾರಣವನ್ನು ಹುಡುಕಿದಾಗ, ತಾಮ್ರದ ತಗಡುಗಳನ್ನು ಸುತ್ತಿ ತಂದಿದ್ದ ಕಂದುಬಣ್ಣದ ಕಾಗದದ ಚೂರುಗಳು ಆ ಮೊಳೆಗಳ ತಲೆಯ ಕೆಳಗೆ ಸಿಕ್ಕಿಕೊಂಡಿರುವುದು ಕಂಡಿತು. ಕೂಲಿಯವರು ಕಿತ್ತು ಹಾಕದೆ ಬಿಟ್ಟಿದ್ದ ಒಂದು ಕಾಗದದ ಪದರು ಕಬ್ಬಿಣವನ್ನು ತಾಮ್ರದಿಂದ ಬೇರ್ಪಡಿಸಿ ಉಳಿಸಿದ್ದಿತು.

ಕಬ್ಬಿಣವೂ ತಾಮ್ರವೂ ಒಂದನ್ನೊಂದು ಮುಟ್ಟಿ ಉಪ್ಪುನೀರಿನಲ್ಲಿ ನಿಂತರೆ ಕಬ್ಬಿಣ ನಾಶವಾಗುವುದೆಂಬ ಸಂಗತಿ ಹೀಗೆ ಹಡಗುಕಟ್ಟೆಯಲ್ಲಿ ಮೊದಲು ತಿಳಿಯಿತು. ವಿದ್ವಾಂಸರ ಪ್ರಯೋಗಶಾಲೆಗೆ ಆಮೇಲೆ ಬಂದಿತು. ಗಾಲ್ವಾನಿಯು ಕಪ್ಪೆಯ ಕಾಲಿನ ಪ್ರಯೋಗವನ್ನು ೧೭೯೧ರಲ್ಲಿ ಪ್ರಕಟಿಸಿದನು. ವೋಲ್ಟನು ಎರಡು ಲೋಹಗಳ ಬಿಲ್ಲೆಗಳನ್ನು ಒಂದರ ಮೇಲೊಂದು ಅಡಕಿ, ನಡುವೆ ಉಪ್ಪುನೀರಿನ ತೇವವನ್ನಿಟ್ಟು ವಿದ್ಯುತ್ತಿನ ಪ್ರವಾಹವನ್ನು ಪಡೆದದ್ದನ್ನು ಲೋಕಕ್ಕೆ ತಿಳಿಸಿದ್ದು ೧೮೦೦ರಲ್ಲಿ. ಅಲಾರಂ ಹಡಗಿನ ತಳವೇ ಅಂತಹ ಒಂದು ದೊಡ್ಡ ವಿದ್ಯುತ್ಕೋಶವಾಗಿದ್ದಿತು; ನಾವಿಕರು ಅದರ ಮೇಲೆ ಎರಡು ವರ್ಷ ಪ್ರಯಾಣಮಾಡಿದ್ದರು.

ಆದರೆ ಯುದ್ಧವು ಶಾಸ್ತ್ರಕ್ಕಾಗಿ ಕಾಯುವುದಿಲ್ಲ. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದಲ್ಲಿ ಫ್ರಾನ್ಸೂ ಸ್ಪೇನೂ ಇಂಗ್ಲೆಂಡಿಗೆ ಎದುರಾಗಿ ನಿಂತಾಗ, ನೌಕಾಮಂಡಲಿಯ ಮುಖ್ಯಾಧಿಕಾರಿಯಾಗಿದ್ದ ಚಾರ್ಲ್ಸ್ ಮಿಡ್ಲ್‌ಟನ್ನನು ಇಡೀ ನೌಕಾಬಲಕ್ಕೆ ತಾಮ್ರವನ್ನು ಹೊದಿಸುವಂತೆ ಪಟ್ಟುಹಿಡಿದನು. ೧೭೭೯ರಿಂದ ಮೂರು ವರ್ಷಗಳೊಳಗಾಗಿ ಮುನ್ನೂರಕ್ಕೂ ಹೆಚ್ಚು ಹಡಗುಗಳು ತಾಮ್ರದ ಕವಚವನ್ನು ಧರಿಸಿದುವು. ಮರದ ತೊಲೆಗಳನ್ನು ಬಂಧಿಸಿದ್ದ ಕಬ್ಬಿಣದ ದೊಡ್ಡ ಮೊಳೆಗಳು ಕಣ್ಣಿಗೆ ಕಾಣದಂತೆ ಸವೆಯುತ್ತಿದ್ದುದು ಬೇಗನೆ ಬೆಳಕಿಗೆ ಬಂದಿತು. ೧೭೮೦ರ ದಶಕದಲ್ಲಿ ಅವನ್ನು ತೆಗೆದು, ತಾಮ್ರದಿಂದಲೇ ಗಡುಸಾಗಿ ಮಾಡಿದ ಮೊಳೆಗಳನ್ನು ಹಾಕಬೇಕಾಯಿತು. ಹುಳುವಿನ ಬಾಧೆಯೇನೋ ತೊಲಗಿತು. ಈಗ ತಾಮ್ರವೇ ಸವೆಯಲಾರಂಭಿಸಿತು. ಕೆಲವು ವರ್ಷಗಳಿಗೊಮ್ಮೆ ಹಡಗನ್ನು ಕಟ್ಟೆಗೆ ಎಳೆದು ಹೊಸ ತಗಡನ್ನು ಹೊಡೆಯುವ ಖರ್ಚು ಬೊಕ್ಕಸಕ್ಕೆ ಭಾರವಾಯಿತು.

೧೮೨೩ರಲ್ಲಿ ನೌಕಾಮಂಡಲಿಯು ಈ ಪ್ರಶ್ನೆಯನ್ನು ರಾಯಲ್ ಸೊಸೈಟಿಯ ಮುಂದಿಟ್ಟಿತು. ಆಗ ಅದರ ಅಧ್ಯಕ್ಷನು ಸರ್ ಹಂಫ್ರಿ ಡೇವಿ. ಗಣಿಯ ಕೆಲಸಗಾರರಿಗೆ ಅಭಯದೀಪವನ್ನು ಕೊಟ್ಟವನು, ವಿದ್ಯುತ್ತಿನ ಬಲದಿಂದ ಸೋಡಿಯಂ, ಪೊಟಾಸಿಯಂ ಲೋಹಗಳನ್ನು ಬೇರ್ಪಡಿಸಿದವನು. ಅವನ ತರ್ಕ ಬಹು ಸರಳವಾದುದು: ತಾಮ್ರವು ಕಬ್ಬಿಣವನ್ನು ಮುಟ್ಟಿದಾಗ ಕಬ್ಬಿಣ ನಾಶವಾಗಿ ತಾಮ್ರ ಉಳಿಯುವುದಾದರೆ, ಬೇಕೆಂದೇ ತಾಮ್ರಕ್ಕೆ ಒಂದಿಷ್ಟು ಕಬ್ಬಿಣವನ್ನೋ ಸತುವನ್ನೋ ಏಕೆ ಜೋಡಿಸಬಾರದು? ಅಲಾರಂ ಹಡಗಿನ ಪೀಡೆಯನ್ನೇ ಅವನು ಔಷಧವನ್ನಾಗಿ ಮಾಡಿಕೊಂಡನು. ೧೮೨೪ರ ಜನವರಿಯಲ್ಲಿ ಸೊಸೈಟಿಯ ಮುಂದೆ ಓದಿದ ಪ್ರಬಂಧದಲ್ಲಿ, ಬಟಾಣಿಯ ಕಾಳಿನಷ್ಟು ಸತುವು ನಲವತ್ತು ಐವತ್ತು ಚದರಂಗುಲ ತಾಮ್ರವನ್ನು ಸಮುದ್ರದ ನೀರಿನಿಂದ ಪೂರ್ಣವಾಗಿ ಕಾಪಾಡಬಲ್ಲುದೆಂದು ತೋರಿಸಿದನು. ಈ ಉಪಾಯಕ್ಕೆ ಅವನು ಪೇಟೆಂಟು ಹಕ್ಕನ್ನು ಪಡೆಯಲಿಲ್ಲ. ದೇಶಕ್ಕೆ ಧರ್ಮಾರ್ಥವಾಗಿ ಕೊಟ್ಟನು.

ಪ್ರಯೋಗಕ್ಕೆ ಒಳಗಾದ ಹಡಗುಗಳಲ್ಲಿ ಒಂದು ನಮ್ಮ ನೆರೆಯ ಮಲಯಾಳ ಸೀಮೆಯ ಕೊಚ್ಚಿಯಲ್ಲಿ ತೇಗದ ಮರದಿಂದ ಕಟ್ಟಿ ೧೮೨೨ರಲ್ಲಿ ನೀರಿಗಿಳಿಸಿದ ಸಮರಾಂಗ್ ಎಂಬುದು. ೧೮೨೪ರಲ್ಲಿ ಅದರ ತಳಕ್ಕೆ, ಮುಂದೆ ಎರಡು ಹಿಂದೆ ಎರಡರಂತೆ, ನಾಲ್ಕು ಕಬ್ಬಿಣದ ಗಟ್ಟಿಗಳನ್ನು ಜೋಡಿಸಿದರು; ಅವುಗಳ ವಿಸ್ತಾರವು ತಾಮ್ರದ ಎಂಬತ್ತರಲ್ಲಿ ಒಂದು ಪಾಲು ಮಾತ್ರ. ಹಡಗು ನೋವಾಸ್ಕೋಷಿಯಕ್ಕೆ ಹೋಗಿ ೧೮೨೫ರ ಜನವರಿಯಲ್ಲಿ ಹಿಂದಿರುಗಿದಾಗ ತಾಮ್ರವು ಕೆಡದೆ ಉಳಿದಿದ್ದಿತು. ಡೇವಿಯ ಜಯ ಸಂಪೂರ್ಣವಾದಂತೆ ತೋರಿತು.

ಆದರೆ ಆ ಜಯದಲ್ಲಿಯೇ ಸೋಲು ಅಡಗಿದ್ದಿತು. ರಕ್ಷಕಗಳನ್ನು ಜೋಡಿಸಿದ ಇತರ ಹಡಗುಗಳು ಒಂದೊಂದಾಗಿ ಹಿಂದಿರುಗಿದಾಗ ಅವುಗಳ ತಳವೆಲ್ಲ ಪಾಚಿಯಿಂದಲೂ ಚಿಪ್ಪುಗಳಿಂದಲೂ ತುಂಬಿಹೋಗಿದ್ದಿತು. ತಾಮ್ರ ಉಳಿದಿದೆ, ಹಡಗು ಮಾತ್ರ ಮುಂದಕ್ಕೆ ಚಲಿಸದು! ತಾಮ್ರವು ತಳವನ್ನು ಶುಚಿಯಾಗಿಟ್ಟಿದ್ದುದು ತನ್ನ ಗಟ್ಟಿತನದಿಂದಲ್ಲ. ಅದು ಕ್ಷಣಕ್ಷಣಕ್ಕೂ ಕಿಂಚಿತ್ತಾಗಿ ಕರಗುತ್ತಿತ್ತು. ಕರಗಿದ ತಾಮ್ರದ ಲವಣವು ಎಳೆಯ ಜೀವಿಗಳಿಗೆ ವಿಷವಾಗಿ ಅವನ್ನು ದೂರವಿಟ್ಟಿದ್ದಿತು. ಕರಗುವುದನ್ನು ತಡೆದೊಡನೆ ವಿಷ ನಿಂತಿತು. ವಿಷ ನಿಂತೊಡನೆ ಅತಿಥಿಗಳು ಬಂದರು. ಅಷ್ಟೇ ಅಲ್ಲ, ರಕ್ಷಣೆ ಹೆಚ್ಚಾದ ತಾಮ್ರದ ಮೇಲೆ ಸಮುದ್ರದ ನೀರಿನಲ್ಲಿದ್ದ ಸುಣ್ಣದ ಅಂಶವು ತಾನಾಗಿ ಪದರುಗಟ್ಟಿ, ಅವರಿಗೆ ನೆಲೆಯನ್ನೂ ಒದಗಿಸಿಕೊಟ್ಟಿತು. ನೌಕಾಮಂಡಲಿಯು ೧೮೨೫ರಿಂದಲೇ ರಕ್ಷಕಗಳನ್ನು ಕಳಚಿಸಲಾರಂಭಿಸಿ, ಕೊನೆಗೆ ಪ್ರಯೋಗವನ್ನೇ ಕೈಬಿಟ್ಟಿತು. ಪತ್ರಿಕೆಗಳು ಹಾಸ್ಯಮಾಡಿದುವು. ಡೇವಿಯು ಬಹಳ ನೊಂದುಕೊಂಡನು. ೧೮೨೬ರಲ್ಲಿ ಪಾರ್ಶ್ವವಾಯುವಿಗೆ ಗುರಿಯಾಗಿ, ೧೮೨೯ರಲ್ಲಿ ಜಿನೀವಾ ನಗರದಲ್ಲಿ ಐವತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು.

ಡೇವಿಯ ಶಾಸ್ತ್ರ ತಪ್ಪಾಗಿರಲಿಲ್ಲ. ತಾಮ್ರವನ್ನು ಉಳಿಸಿಕೊಡಬೇಕೆಂದು ಕೇಳಿದರು, ಅವನು ಉಳಿಸಿಕೊಟ್ಟನು. ಕೇಳಿದ ಪ್ರಶ್ನೆಯೇ ಅರೆಯಾಗಿದ್ದಿತು. ಹಡಗು ಇರುವುದು ತಾಮ್ರಕ್ಕಾಗಿ ಅಲ್ಲ, ತಾಮ್ರವಿರುವುದು ಹಡಗಿಗಾಗಿ. ಕವಚವು ಗೋಡೆಯಂತೆ ಸುಮ್ಮನೆ ನಿಲ್ಲುವ ವಸ್ತುವಲ್ಲ. ಅದು ವೆಚ್ಚವಾಗುವ ವಸ್ತು. ವೆಚ್ಚವನ್ನು ಪೂರ್ತಿಯಾಗಿ ನಿಲ್ಲಿಸಿದರೆ ಅದರ ಕೆಲಸವೂ ನಿಲ್ಲುವುದುಂಟು. ೧೮೩೨ರಲ್ಲಿ ಬರ್ಮಿಂಗ್‌ಹ್ಯಾಮಿನ ಜಾರ್ಜ್ ಮಂಟ್ಸನು ಅರುವತ್ತು ಪಾಲು ತಾಮ್ರಕ್ಕೆ ನಲವತ್ತು ಪಾಲು ಸತುವನ್ನು ಬೆರಸಿ, ತಾಮ್ರಕ್ಕಿಂತ ಅಗ್ಗವಾಗಿಯೂ ತಳವನ್ನು ಶುಚಿಯಾಗಿಡುವಷ್ಟು ಕರಗುವಂತೆಯೂ ಇರುವ ಮಿಶ್ರಲೋಹಕ್ಕೆ ಪೇಟೆಂಟು ಪಡೆದನು. ಮರದ ಹಡಗುಗಳ ಕೊನೆಯ ಕಾಲದವರೆಗೆ ಅದೇ ಬಳಕೆಯಲ್ಲಿದ್ದಿತು.

ಡೇವಿಯ ತತ್ತ್ವಕ್ಕೆ ತಕ್ಕ ಸ್ಥಾನ ಬೇರೆಡೆಯಲ್ಲಿ ದೊರೆಯಿತು. ೧೮೩೭ರಲ್ಲಿ ಫ್ರಾನ್ಸಿನ ಸೊರೆಲ್ ಎಂಬ ಯಂತ್ರಶಿಲ್ಪಿಯು ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ಕ್ರಮಕ್ಕೆ ಪೇಟೆಂಟು ಪಡೆದನು. ತವರದ ಹೊದಿಕೆಗೂ ಸತುವಿನ ಹೊದಿಕೆಗೂ ಇರುವ ಭೇದವನ್ನು ಕೇಳುಗರು ಗಮನಿಸಬೇಕು. ತವರ ಬಳಿದ ಕಬ್ಬಿಣದಲ್ಲಿ ಗೀರು ಬಿದ್ದರೆ ಅಲ್ಲಿಂದ ಕಬ್ಬಿಣವು ಮತ್ತಷ್ಟು ಬೇಗ ತುಕ್ಕು ಹಿಡಿಯುತ್ತದೆ. ಸತು ಬಳಿದ ಕಬ್ಬಿಣದಲ್ಲಿ ಗೀರು ಬಿದ್ದರೆ ಸತುವು ತಾನು ಕರಗಿ ಬಯಲಾದ ಕಬ್ಬಿಣವನ್ನು ಕಾಯುತ್ತದೆ. ಮನೆಯ ಬಕೆಟ್ಟು, ತಂತಿ, ಮಾಳಿಗೆಯ ತಗಡು ಇವೆಲ್ಲ ಈ ತತ್ತ್ವದ ಫಲ. ಇಂದಿಗೂ ಉಕ್ಕಿನ ಹಡಗುಗಳ ತಳದಲ್ಲಿ ಸತುವಿನ ಅಥವಾ ಅಲ್ಯೂಮಿನಿಯಮ್ಮಿನ ಗಟ್ಟಿಗಳನ್ನು ಜೋಡಿಸುತ್ತಾರೆ. ಅವು ಡೇವಿಯ ರಕ್ಷಕಗಳೇ.

ಉಕ್ಕಿನ ಮೈಗೆ ತಾಮ್ರವನ್ನು ನೇರವಾಗಿ ಹೊದಿಸುವಂತಿಲ್ಲ. ಹೊದಿಸಿದರೆ ಅಲಾರಂ ಹಡಗಿನ ಮೊಳೆಗಳ ಗತಿಯೇ ಇಡೀ ಹಡಗಿಗೆ ಬರುವುದು. ಆದುದರಿಂದ ಪದರುಗಳ ವಿದ್ಯೆ ಬೆಳೆಯಿತು. ತುಕ್ಕನ್ನು ತಡೆಯಲು ಒಂದು ಲೇಪ. ಅದರ ಮೇಲಿನದನ್ನು ಹಿಡಿದುಕೊಳ್ಳಲು ಇನ್ನೊಂದು. ಜೀವಿಗಳನ್ನು ದೂರವಿಡಲು ಎಲ್ಲಕ್ಕೂ ಹೊರಗೆ ಮತ್ತೊಂದು. ಅಂದು ಕಂದು ಕಾಗದವು ಮಾಡಿದ ಕೆಲಸವನ್ನು ಇಂದು ನಡುವಣ ಪದರುಗಳು ಮಾಡುತ್ತವೆ.

೧೯೬೦ರ ದಶಕದಿಂದ ಆ ಹೊರಪದರಕ್ಕೆ ತವರದ ಒಂದು ಸಂಯುಕ್ತವನ್ನು ಬೆರಸತೊಡಗಿದರು. ಟ್ರೈಬ್ಯುಟೈಲ್ ಟಿನ್ ಎಂದು ಅದರ ಹೆಸರು. ಅದರ ಪ್ರಭಾವ ಅದ್ಭುತವಾಗಿದ್ದಿತು. ವರ್ಷಗಟ್ಟಲೆ ಒಂದು ಚಿಪ್ಪೂ ಅಂಟುತ್ತಿರಲಿಲ್ಲ. ಆದರೆ ೧೯೭೦ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಅರ್ಕಷೋನ್ ಕೊಲ್ಲಿಯ ಸಿಂಪಿಯ ಬೆಳೆಗಾರರಿಗೆ ಆಪತ್ತು ಒದಗಿತು. ಸಿಂಪಿಗಳ ಸಂತಾನ ನಿಂತಿತು; ಚಿಪ್ಪುಗಳು ಪದರುಪದರಾಗಿ ದಪ್ಪವಾಗಿ ವಿಕಾರಗೊಂಡು, ಒಳಗಿನ ಜೀವಕ್ಕೆ ಎಡೆಯಿಲ್ಲದಂತಾಯಿತು. ಹಡಗಿನ ಕವಚದಿಂದ ಕರಗಿದ ವಿಷವು ಸಮುದ್ರದಲ್ಲಿ ಉಳಿದು, ಸಿಂಪಿಯು ತನ್ನ ಕವಚವನ್ನು ಕಟ್ಟುವ ಕಲೆಯನ್ನೇ ಕೆಡಿಸಿದ್ದಿತು. ಫ್ರಾನ್ಸು ೧೯೮೨ರಲ್ಲಿ ಸಣ್ಣ ದೋಣಿಗಳಿಗೆ ಈ ಬಣ್ಣವನ್ನು ನಿಷೇಧಿಸಿತು. ೨೦೦೧ರಲ್ಲಿ ರಚಿತವಾದ ಅಂತರರಾಷ್ಟ್ರೀಯ ಒಪ್ಪಂದವು ೨೦೦೮ರಲ್ಲಿ ಜಾರಿಗೆ ಬಂದಿತು. ಅದಾದ ಮೇಲೆ ಹಡಗಿನ ಹೊರಲೇಪದಲ್ಲಿ ತಾಮ್ರವೇ, ಈಗ ಆಕ್ಸೈಡಿನ ರೂಪದಲ್ಲಿ, ಮತ್ತೆ ಮುಖ್ಯ ಸ್ಥಾನವನ್ನು ಪಡೆಯಿತು. ವಿಷವೇ ಇಲ್ಲದ ನುಣುಪಾದ ಸಿಲಿಕೋನಿನ ಲೇಪಗಳೂ ಬಳಕೆಗೆ ಬಂದಿವೆ. ಇವುಗಳ ಮೇಲೆ ಚಿಪ್ಪು ಕೂತರೂ ಹಡಗಿನ ವೇಗಕ್ಕೆ ಜಾರಿಹೋಗುವುದು.

ಕಾಪಾಡುವ ಪ್ರತಿಯೊಂದು ಹೊದಿಕೆಗೂ ಬೆಲೆಯುಂಟು. ಮರಕ್ಕಾಗಿ ತಾಮ್ರ ಸವೆಯಿತು. ತಾಮ್ರಕ್ಕಾಗಿ ಕಬ್ಬಿಣವನ್ನು ಸವೆಯಿಸಿದಾಗ ಹಡಗಿನ ವೇಗವು ಬೆಲೆಯನ್ನು ತೆತ್ತಿತು. ವೇಗವನ್ನು ಉಳಿಸಹೋದಾಗ ದೂರದ ಕೊಲ್ಲಿಯ ಸಿಂಪಿ ಅದನ್ನು ತೆತ್ತಿತು. ಈ ಕವಚ ಎಷ್ಟು ಕಾಲ ಬಾಳುವುದೆಂದು ಕೇಳುವುದು ಸುಲಭ. ಇದು ಕರಗಿ ಎಲ್ಲಿಗೆ ಹೋಗುವುದು, ಅದರ ಬೆಲೆಯನ್ನು ತೆರುವವರು ಯಾರು ಎಂದು ಮೊದಲೇ ಕೇಳಿಕೊಳ್ಳುವುದೇ ವಿವೇಕ. ಅರ್ಧ ಪ್ರಶ್ನೆಯನ್ನು ಕೇಳಿ ಪೂರ್ಣ ಉತ್ತರವನ್ನು ಪಡೆದ ಡೇವಿಯ ಕಾಲದವರಿಗೆ ಆ ಅರಿವು ಒಂದು ಪ್ರಯೋಗದ ಸೋಲಿನಿಂದ ಬಂದಿತು. ಅರ್ಕಷೋನಿನವರಿಗೆ ಒಂದು ಕೊಲ್ಲಿಯ ಬೆಳೆಯೇ ಹಾಳಾಗಿ ಬಂದಿತು.