ಕರಗದ ಕೆಂಪು ಬಣ್ಣವೂ ಸೂರ್ಯಕೋಶವೂ: ಒಂದು ಅಣುವಿನ ಚರಿತ್ರೆ

ಕವಿಗಳ ಕಾಲವನ್ನೂ ಅರಸರ ವಂಶಾವಳಿಯನ್ನೂ ನಿರ್ಣಯಿಸುವಲ್ಲಿ ನಮ್ಮ ವಿದ್ವಾಂಸರು ವಹಿಸುವ ಎಚ್ಚರವು ವಿಜ್ಞಾನದ ಚರಿತ್ರೆಗೂ ಅವಶ್ಯಕವಾದುದು. ಪ್ರಕೃತ ಲೇಖನದಲ್ಲಿ ಡೈಕೀಟೊಪಿರೋಲೊಪಿರೋಲ್ ಎಂಬ ಸಾವಯವ ಅಣುವಿನ ವೃತ್ತಾಂತವನ್ನು ವಿಚಾರಿಸುವೆವು. ಇದನ್ನು ಡಿ.ಪಿ.ಪಿ. ಎಂದು ಸಂಕ್ಷೇಪಿಸುವುದು ರೂಢಿ. ದ್ರಾವಣರೂಪದಲ್ಲಿ ಬಳಿದು ಸಿದ್ಧಪಡಿಸುವ ಸೂರ್ಯಕೋಶಗಳಲ್ಲಿ ಇದಕ್ಕೆ ಸ್ಥಾನವುಂಟು. ಆದರೆ ಇದರ ಮೊದಲ ಪ್ರಸಿದ್ಧಿ ಕರಗದಿರುವುದರಿಂದಲೇ ಬಂದುದು. ಈ ವಿರೋಧವು ಹೇಗೆ ಪರಿಹಾರವಾಯಿತೆಂಬುದೇ ನಮ್ಮ ಪ್ರಶ್ನೆ.

ಅಮೆರಿಕೆಯ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಡೊನಾಲ್ಡ್ ಫಾರ್ನಮ್ ಮತ್ತು ಅವರ ಸಹಚರರು ಬೆಂಜೋನೈಟ್ರೈಲಿನಿಂದ ಬೇರೊಂದು ಪದಾರ್ಥವನ್ನು ಪಡೆಯಲೆಳಸಿ ವಿಫಲರಾದರು. ಬಯಸಿದ ವಸ್ತುವಿಗೆ ಬದಲಾಗಿ ಅಲ್ಪಪ್ರಮಾಣದಲ್ಲಿ ಕೆಂಪು ಹರಳುಗಳು ದೊರೆತವು. ಈ ಸಂಗತಿ ೧೯೭೪ರಲ್ಲಿ ಪ್ರಕಟವಾಯಿತು. ಆ ಲೇಖನದ ಕರ್ತೃಗಳಲ್ಲಿ ಗೋವರ್ಧನ ಮೆಹತಾ ಅವರೂ ಒಬ್ಬರು. ಇವರು ಮುಂದೆ ೧೯೯೮ರಿಂದ ೨೦೦೫ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು.

ಸ್ವಿಟ್ಜರ್ಲೆಂಡಿನ ಸಿಬಾ-ಗೈಗಿ ಸಂಸ್ಥೆಯವರು ೧೯೮೦ರ ದಶಕದಲ್ಲಿ ಈ ಹರಳಿಗೆ ಸುಲಭವಾದ ತಯಾರಿಕೆಯ ಮಾರ್ಗವನ್ನು ಕಂಡುಹಿಡಿದು, ಇದನ್ನು ಮೋಟಾರುಗಾಡಿಗಳ ಕೆಂಪು ಬಣ್ಣವನ್ನಾಗಿ ಪ್ರಚಾರಕ್ಕೆ ತಂದರು. ಅಣುಗಳು ಜಲಜನಕದ ಬಂಧಗಳಿಂದ ಪರಸ್ಪರ ಹಿಡಿದುಕೊಂಡು ಒತ್ತಾಗಿ ಅಟ್ಟಿಕೊಂಡಿರುವುದರಿಂದ ಬಿಸಿಲಿಗೂ ದ್ರಾವಕಗಳಿಗೂ ಅದು ಜಗ್ಗುತ್ತಿರಲಿಲ್ಲ. ಬಣ್ಣಕ್ಕೆ ಇದು ಗುಣವೇ ಸರಿ.

ಇತ್ತ ಸಾವಯವ ಸೂರ್ಯಕೋಶಗಳ ಕಾರ್ಯವು ಪ್ರತ್ಯೇಕವಾಗಿ ಬೆಳೆಯುತ್ತಿದ್ದಿತು. ೧೯೮೬ರಲ್ಲಿ ಟಾಂಗ್ ಅವರು ಎರಡು ವರ್ಣದ್ರವ್ಯಗಳನ್ನು ನಿರ್ವಾತದಲ್ಲಿ ಆವಿಯಾಗಿಸಿ, ಪದರಗಳನ್ನಾಗಿ ಕೂಡಿಸಿ, ಬೆಳಕಿನ ಶೇಕಡ ಒಂದರಷ್ಟನ್ನು ವಿದ್ಯುತ್ತಾಗಿ ಪರಿವರ್ತಿಸಿದರು. ಬೆಳಕನ್ನು ಹೀರಿದ ಅಣುವಿನ ಉದ್ರೇಕವು ಸುಮಾರು ಹತ್ತು ನ್ಯಾನೊಮೀಟರು ದೂರವನ್ನು ಮಾತ್ರ ಕ್ರಮಿಸಬಲ್ಲುದು. ಅಷ್ಟರೊಳಗೆ ಎಲೆಕ್ಟ್ರಾನನ್ನು ಸ್ವೀಕರಿಸುವ ವಸ್ತು ದೊರೆಯದಿದ್ದರೆ ಅದು ವ್ಯರ್ಥ. ಆದಕಾರಣ ೧೯೯೫ರಲ್ಲಿ ಹೀಗರ್ ಮೊದಲಾದವರು ದಾತೃವನ್ನೂ ಸ್ವೀಕರ್ತೃವನ್ನೂ ಒಂದೇ ದ್ರಾವಣದಲ್ಲಿ ಬೆರಸಿ ತೆಳುವಾಗಿ ಹರಡಿದರು. ಅಲ್ಲಿ ದಾತೃವು ದೀರ್ಘಸರಪಳಿಯ ಪಾಲಿಮರು, ಸ್ವೀಕರ್ತೃವು ಫುಲರೀನು.

ಪಾಲಿಮರಿಗೆ ಒಂದು ದೋಷವುಂಟು. ಪ್ರತಿಸಲದ ತಯಾರಿಕೆಯಲ್ಲಿಯೂ ಸರಪಳಿಗಳ ಉದ್ದ ವ್ಯತ್ಯಾಸವಾಗುತ್ತದೆ. ಒಂದೇ ಕಾವ್ಯದ ಓಲೆಪ್ರತಿಗಳಲ್ಲಿ ಪಾಠಾಂತರಗಳು ತೋರುವಂತೆ. ಸಣ್ಣ ಅಣುವಿನ ಪ್ರತಿಗಳಿಗಾದರೋ ಪಾಠವೊಂದೇ. ಅದನ್ನು ಶುದ್ಧಪಡಿಸುವುದೂ ಸುಲಭ. ಆದರೆ ಡಿ.ಪಿ.ಪಿ.ಯಂತಹ ಅಣುವು ಕರಗುವುದೆಂತು?

ಉಪಾಯವು ರಚನೆಯಲ್ಲಿಯೇ ಇದ್ದಿತು. ಸಾರಜನಕಕ್ಕೆ ಅಂಟಿದ ಜಲಜನಕವನ್ನು ತೆಗೆದು ಇಂಗಾಲದ ಬಾಲವೊಂದನ್ನು ಜೋಡಿಸಿದರೆ ಹಿಡಿತವು ಸಡಿಲುವುದು, ಅಣು ಕರಗುವುದು. ಬಾಲವು ಅತಿಯಾದರೆ ಅಣುಗಳು ದೂರವಾಗಿ ವಿದ್ಯುತ್ತಿನ ಹಾದಿ ಕಡಿಯುವುದು. ಕಡಮೆಯಾದರೆ ಮತ್ತೆ ಕಲ್ಲಾಗುವುದು. ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರದಲ್ಲಿ ನುಯೆನ್ ಅವರ ತಂಡವು ೨೦೦೯ರಲ್ಲಿ ಈ ತೂಕವನ್ನು ಸಾಧಿಸಿ, ಎರಡು ತುದಿಗಳಿಗೂ ಬೆಂಜೊಫ್ಯೂರಾನನ್ನು ಜೋಡಿಸಿದ ಡಿ.ಪಿ.ಪಿ.ಯಿಂದ ಶೇಕಡ ೪.೪ರ ಫಲವನ್ನು ಪಡೆಯಿತು. ಬಳಿದ ಪದರವನ್ನು ಮೆಲ್ಲನೆ ಕಾಯಿಸಿದಾಗ ಅಣುಗಳು ಪುನಃ ಸಾಲುಗೂಡಿದುದೇ ಈ ಸಿದ್ಧಿಗೆ ಕಾರಣ. ಕರಗಲು ಬಿಟ್ಟುಕೊಟ್ಟ ಒಗ್ಗಟ್ಟನ್ನು ಒಣಗಿದ ಮೇಲೆ ಮರಳಿ ಗಳಿಸಬೇಕು. ರಚನಾಕಾರನ ಕೌಶಲವೆಲ್ಲ ಇಲ್ಲಿದೆ.

ಬೆಂಗಳೂರಿನ ಅದೇ ಸಂಸ್ಥೆಯಲ್ಲಿ, ಸಿ. ಎನ್. ಆರ್. ರಾವ್ ಅವರು ೧೯೭೬ರಲ್ಲಿ ಸ್ಥಾಪಿಸಿದ ಘನಸ್ಥಿತಿ ಮತ್ತು ರಚನಾತ್ಮಕ ರಸಾಯನ ವಿಭಾಗದಲ್ಲಿ, ಸತೀಶ ಪಾಟೀಲರ ತಂಡವು ಡಿ.ಪಿ.ಪಿ.ಯ ಅಣುಗಳನ್ನೂ ಪಾಲಿಮರುಗಳನ್ನೂ ರಚಿಸಿ ಪರೀಕ್ಷಿಸಿದೆ. ಮೆಹತಾ ಅವರ ಹೆಸರನ್ನು ಇದಕ್ಕೆ ಗಂಟುಹಾಕಿ ಒಂದು ಗುರುಪರಂಪರೆಯನ್ನು ಕಲ್ಪಿಸಲು ಮನಸ್ಸು ಎಳಸುವುದು ಸಹಜ. ಆದರೆ ೧೯೭೪ರ ಬರಹದಲ್ಲಿ ಸೂರ್ಯಕೋಶದ ಉದ್ದೇಶವಿರಲಿಲ್ಲ. ಅಣುವು ಬೆಂಗಳೂರಿಗೆ ಬಂದುದು ಬಣ್ಣದ ಕೈಗಾರಿಕೆಯ ಮತ್ತು ವಿದೇಶೀಯ ಪ್ರಯೋಗಾಲಯಗಳ ದಾರಿಯಿಂದ. ಊರು ಒಂದಾದ ಮಾತ್ರಕ್ಕೆ ವಂಶ ಒಂದಾಗದು.

೨೦೧೯ರಲ್ಲಿ ವೈ೬ ಎಂಬ ಬೇರೊಂದು ಸಣ್ಣ ಅಣುವು ಫುಲರೀನಿನ ಸ್ಥಾನವನ್ನು ಆಕ್ರಮಿಸಿ, ಪಾಲಿಮರಿನೊಡನೆ ಕೂಡಿ ಶೇಕಡ ೧೫.೭ರ ಫಲವನ್ನಿತ್ತಿತು. ಈ ಅಂಕೆಗಳು ಏರುತ್ತ ಹೋಗುವುವು. ಚರಿತ್ರಕಾರನು ಅವುಗಳಲ್ಲಿಯೇ ನಿಲ್ಲಲಾಗದು. ಕೆಂಪು ಹರಳು ಆಕಸ್ಮಿಕವಾಗಿ ದೊರೆಯಿತು. ಅದು ಕರಗಿದುದು ಆಕಸ್ಮಿಕವಲ್ಲ. ಇವೆರಡನ್ನೂ ಬೇರ್ಪಡಿಸಿ ಹೇಳಿದಲ್ಲದೆ ಯಾರ ಶ್ರಮಕ್ಕೂ ನ್ಯಾಯ ದೊರೆಯದು.